ತೂಕ ನೋಡಿ ತಂದ ಪವರ್ ಸಪ್ಲೈ

ಸೊಸೆಯ ಕಂಪ್ಯೂಟರ್ ಮತ್ತೊಮ್ಮೆ ತಾನಾಗಿಯೇ ಆರಿಹೋದಾಗ ನಾನು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅಪರಾಧಿಯಂತೆ ನಿಂತಿದ್ದೆ. ಮನೆಯಲ್ಲಿ ಏನು ಕೆಟ್ಟರೂ ನನಗೆ ಮೊದಲು ನನ್ನ ಇಸ್ತ್ರಿಪೆಟ್ಟಿಗೆಯ ಮೇಲೇ ಅನುಮಾನ.

"ನಿಮ್ಮದಲ್ಲ ಅತ್ತೆ," ಎಂದಳು ಅವಳು, ಕಪ್ಪಾದ ಪರದೆಯಿಂದ ಕಣ್ಣು ತೆಗೆಯದೆ. "ನೀವು ಆರಾಮಾಗಿ ಇಸ್ತ್ರಿ ಮಾಡಿ. ಇದು ಇದರದೇ ಹೊಟ್ಟೆನೋವು."

ಅಷ್ಟು ಕಷ್ಟದಲ್ಲೂ ಮೊದಲು ನನ್ನ ಸಮಾಧಾನ ನೋಡಿದಳು. ಅದು ಅವಳ ಸ್ವಭಾವ. ಆ ಸ್ವಭಾವವೇ ಆ ವಾರ ಅವಳಿಗೆ ಮುಳುವಾಗುವುದರಲ್ಲಿತ್ತು.

ಇನ್ನೂ ಕಟ್ಟದ ಕಟ್ಟಡಗಳನ್ನು ಕಟ್ಟಿದಂತೆಯೇ ತೋರಿಸುವುದು ಅವಳ ಕೆಲಸ. ಗೇಟಿನಿಂದ ಒಳಹೊಕ್ಕು, ಮೆಟ್ಟಿಲು ಹತ್ತಿ, ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿರುವುದನ್ನು ನೋಡುತ್ತ ನಡೆದುಹೋದ ಹಾಗೆ ಒಂದು ಪುಟ್ಟ ಚಿತ್ರ ಮಾಡಿಕೊಡುತ್ತಾಳೆ. ಮಗು ಹುಟ್ಟುವ ಮೊದಲು ಒಂದು ಕಚೇರಿಯಲ್ಲಿ ಇದನ್ನೇ ಮಾಡುತ್ತಿದ್ದಳು. ಮಗುವಿಗಾಗಿ ಬಿಟ್ಟಳು. ಈಗ ಮಗು ಓಡಾಡುವಷ್ಟಾದ ಮೇಲೆ ಮನೆಯಿಂದಲೇ ಮತ್ತೆ ಶುರು ಮಾಡಬೇಕೆಂದು ಹತ್ತಾರು ಕಡೆ ಕೇಳಿಕೊಂಡಿದ್ದಳು. ಕೊನೆಗೆ ಒಬ್ಬ ಆರ್ಕಿಟೆಕ್ಟ್ ಮೇಡಂ ಒಂದು ಅವಕಾಶ ಕೊಟ್ಟರು. ಊರಿನ ಹೊಸ ಗ್ರಂಥಾಲಯದ ನಕ್ಷೆ. ಸೋಮವಾರ ಬೆಳಿಗ್ಗೆ ಸಮಿತಿಯವರ ಮುಂದೆ ಚಿತ್ರ ಓಡಬೇಕು. "ಇದು ಸರಿಯಾಗಿ ಬಂದ್ರೆ ಮುಂದಿನ ಕೆಲಸಾನೂ ನಿಮ್ಮದೇ. ಬರಲಿಲ್ಲ ಅಂದ್ರೆ ನಾನು ಹಳಬರನ್ನೇ ಹಿಡೀತೀನಿ, ಬೇಜಾರು ಮಾಡ್ಕೋಬಾರದು," ಎಂದು ಅವರು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. ಒಳ್ಳೆಯ ದನಿ, ಆದರೆ ಮುಲಾಜಿಲ್ಲದ ದನಿ.

ಇಂಥ ಚಿತ್ರಕ್ಕೆ, ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು. ಹಳೆಯ ಕಚೇರಿಯ ಗೆಳತಿಯೊಬ್ಬಳು ತಾನು ಹೊಸದು ತೆಗೆದುಕೊಂಡು ತನ್ನದನ್ನು ಇವಳಿಗೆ ಕೊಟ್ಟಿದ್ದಳು. ಟವಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ತಾನೇ ಬಂದು ಕೊಟ್ಟುಹೋಗಿದ್ದಳು. ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನು. ಸುಮ್ಮನೆ ಇದ್ದಾಗ ಏನೂ ತೊಂದರೆಯಿಲ್ಲ. ಚಿತ್ರ ತಯಾರಿಸಲು ಹೇಳಿದ ಕೂಡಲೇ ಇಡೀ ಯಂತ್ರವೇ ಆರಿಹೋಗುತ್ತಿತ್ತು.

ಅದೇಕೆಂದು ಬುಧವಾರ ಊಟದ ಹೊತ್ತಿಗೆ ಅವಳು ನಮಗೆಲ್ಲ ವಿವರಿಸಿದಳು. ಕಂಪ್ಯೂಟರಿನ ಡಬ್ಬದೊಳಗೆ ಪವರ್ ಸಪ್ಲೈ ಎಂದು ಇನ್ನೊಂದು ಡಬ್ಬ ಇರುತ್ತದೆ. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನವರಿಗೆಲ್ಲ ಹಂಚುವುದು ಅದರ ಕೆಲಸ. ನಮ್ಮದು ನಾನೂರ ಐವತ್ತು ವ್ಯಾಟಿನದು.

"ಈ ಕಾರ್ಡ್ ಒಂದೇ ಇನ್ನೂರ ಐವತ್ತು ವ್ಯಾಟ್ ಎಳೆಯುತ್ತೆ. ಒಂದೊಂದು ಗಳಿಗೆ ಅದರ ಎರಡರಷ್ಟು ಬಾಯಿ ತೆಗೆಯುತ್ತೆ. ಆಗ ಪವರ್ ಸಪ್ಲೈ ನನ್ನ ಕೈಲಾಗಲ್ಲ ಅಂತ ಕೈಯೆತ್ತಿಬಿಡುತ್ತೆ. ಸುಟ್ಟುಹೋಗೋ ಬದಲು ಆರಿಹೋಗೋದು ಒಳ್ಳೇದಲ್ವಾ, ಅದಕ್ಕೆ."

"ಅಂದ್ರೆ ನಮ್ಮಪ್ಪನ ಥರ," ಎಂದ ನನ್ನ ಮಗ. ಅವನು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಿನವಿಡೀ ಕಾಯಿಲೆಯವರನ್ನು ನಗಿಸಿ ನಗಿಸಿ ಮನೆಗೆ ಬಂದರೂ ಅದೇ ಚಾಳಿ. "ಜಗಳ ಆಡಲ್ಲ. ಎದ್ದು ಹೋಗಿಬಿಡ್ತಾರೆ."

"ನಿನ್ನ ಥರ ಮಾತಾಡಿ ಮಾತಾಡಿ ಬಿಸಿಯಾಗೋದಕ್ಕಿಂತ ವಾಸಿ," ಎಂದರು ನಮ್ಮವರು, ತಟ್ಟೆಯಿಂದ ತಲೆ ಎತ್ತದೆ.

ನಮ್ಮವರು ಬಾಳಿನ ಬಹುಭಾಗ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿದವರು. ಸುಟ್ಟ ಮೋಟರು ಬರುತ್ತಿತ್ತು, ಹಳೆಯ ಸುರುಳಿ ಕತ್ತರಿಸಿ ತೆಗೆದು ಹೊಸದು ಸುತ್ತಿ ಕಳಿಸುತ್ತಿದ್ದರು. ಆ ಕಸುಬಿನಲ್ಲಿ ಅವರು ಕಲಿತ ಒಂದು ಪಾಠವಿತ್ತು: ಮೋಟರಿನ ಮೇಲೆ ಹೊಡೆದಿರುವ ಫಲಕವನ್ನು ನಂಬಬಾರದು. ಒಂದರ ಫಲಕ ಕಿತ್ತು ಇನ್ನೊಂದಕ್ಕೆ ಹೊಡೆಯುವವರು, ಎರಡು ಕುದುರೆಶಕ್ತಿಯದನ್ನು ಮೂರು ಎಂದು ಕೆತ್ತಿಸುವವರು, ಎಲ್ಲರನ್ನೂ ಅವರು ನೋಡಿದ್ದರು. ಅವರ ಲೆಕ್ಕದಲ್ಲಿ ಸುಳ್ಳು ಹೇಳದ್ದು ತೂಕ ಒಂದೇ. ತಾಮ್ರ ಹೆಚ್ಚಿದ್ದರೆ ಭಾರ, ಕದ್ದಿದ್ದರೆ ಹಗುರ. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಇದರಲ್ಲಿ ಸುತ್ತು ಕಡಿಮೆ ಇದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

ಗುರುವಾರ ಸೊಸೆ ತಾನೇ ಅಂಗಡಿಗೆ ಹೊರಟಿದ್ದಳು. ಬೆಳಿಗ್ಗೆ ಎದ್ದಾಗ ಮಗುವಿನ ಮೈ ಬಿಸಿಯಾಗಿತ್ತು. ಅವಳ ಮಡಿಲು ಬಿಟ್ಟು ಇಳಿಯಲಿಲ್ಲ.

"ನಾನು ತರ್ತೀನಿ, ಹೇಳು ಏನು ಬೇಕು," ಎಂದು ನಮ್ಮವರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

"ಆರುನೂರ ಐವತ್ತು ವ್ಯಾಟಿಗೆ ಕಡಿಮೆ ಇರಬಾರದು ಮಾವ. ಸ್ವಲ್ಪ ಒಳ್ಳೇ ಕಂಪನಿದು ಇರಲಿ. ಕಂಪ್ಯೂಟರ್ ಅಂಗಡಿ ನಡೆಸೋ ಒಬ್ಬರು ಮೇಡಂ ಇರ್ತಾರೆ, ಅವರನ್ನ ಕೇಳಿ, ಹೇಳ್ತಾರೆ."

"ಕರೆಂಟಿನ ಸಾಮಾನು ತರೋಕೆ ನನಗೆ ಹೇಳಿಕೊಡ್ತೀಯಾ ನೀನು?" ಎಂದು ನಗುತ್ತಲೇ ಹೊರಟರು.

ಮರಳಿ ಬಂದದ್ದು ಮಧ್ಯಾಹ್ನ ಚೆನ್ನಾಗಿ ಇಳಿದ ಮೇಲೆ. ಅಂಗಿ ಬೆನ್ನಿಗೆ ಅಂಟಿತ್ತು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕದೆ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತೇ ಬಂದಿದ್ದರಂತೆ. ನೀರು ಕುಡಿಯುವ ಮೊದಲೇ ಕಥೆ ಶುರುವಾಯಿತು.

"ನಿನ್ನ ಮೇಡಂ ಅಂಗಡಿಗೆ ಹೋದೆ ಕಣಮ್ಮ. ಒಂದು ಡಬ್ಬ ತೆಗೆದು ಕೈಗಿಟ್ಟಳು. ಎತ್ತಿದ್ರೆ ದಿಂಬಿನ ಹಾಗಿದೆ! ನನಗೆ ಪವರ್ ಸಪ್ಲೈ ಬೇಕು, ತಲೆದಿಂಬು ಬೇಡ ಅಂತ ಹೇಳಿಬಿಟ್ಟೆ. ಅಲ್ಲಿಂದ ಸೀದಾ ನಮ್ಮ ಹಳೇ ಬೀದಿಗೆ ಹೋದೆ, ತಂತಿ ಕೊಳ್ತಿದ್ದೆನಲ್ಲ, ಅಲ್ಲಿಗೆ. ಅವರು ಈಗ ಇದನ್ನೂ ಇಟ್ಟಿದ್ದಾರೆ. ನೀನು ಕೇಳಿದ್ದು ಆರುನೂರ ಐವತ್ತು, ನಾನು ತಂದಿದ್ದು ಏಳುನೂರ ಐವತ್ತು. ಎತ್ತಿ ನೋಡು, ಎತ್ತಿ ನೋಡು."

ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಡಬ್ಬವನ್ನು ಎತ್ತಿದಳು. ನಿಜಕ್ಕೂ ಭಾರವಿತ್ತು. ಮಗ್ಗುಲಿಗೆ ತಿರುಗಿಸಿದಳು. ಅಲ್ಲೊಂದು ಚೀಟಿ ಅಂಟಿಸಿತ್ತು, ಮೇಲೆ ದಪ್ಪಕ್ಷರದಲ್ಲಿ ಏಳುನೂರ ಐವತ್ತು, ಕೆಳಗೆ ಇರುವೆಸಾಲಿನಂಥ ಅಂಕಿಗಳು. ಅವಳ ತುಟಿಗಳು ಸಣ್ಣಗೆ ಅಲುಗಿದವು, ಗುಣಾಕಾರ ಮಾಡುವಾಗ ಅಲುಗುತ್ತವಲ್ಲ, ಹಾಗೆ. ಆಮೇಲೆ ನಕ್ಕಳು. ಆ ನಗು ಬರಲು ಸ್ವಲ್ಪ ತಡವಾಯಿತು. ಏನೋ ಸರಿಯಿಲ್ಲವೆಂದು ಅಷ್ಟರಲ್ಲೇ ನನಗೆ ತಿಳಿಯಿತು.

"ಚೆನ್ನಾಗಿದೆ ಮಾವ. ಇಷ್ಟು ದೂರ ಹೊತ್ತು ತಂದ್ರಲ್ಲ. ಮೊದಲು ಕೂತ್ಕೊಳ್ಳಿ, ನೀರು ಕುಡೀರಿ."

ಅದನ್ನು ಕೂಡಿಸುವಾಗ ಚೀಟಿ ಒಳಮಗ್ಗುಲಿಗೆ ಬರುವಂತೆ ಕೂಡಿಸಿದಳು. ಮೇಲೆ ಮುಚ್ಚಳ ಹಾಕಿ ತಿರುಪು ಬಿಗಿದಳು. ನಮ್ಮವರು ಪಕ್ಕದಲ್ಲೇ ನಿಂತು, ತಿರುಪುಗಳನ್ನು ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದರು, ಹಬೆಯಾಡುವ ಚಹದ ಲೋಟ ಪಕ್ಕದಲ್ಲಿಟ್ಟುಕೊಂಡು, ಪ್ರಪಂಚವನ್ನೇ ಗೆದ್ದವರಂತೆ.

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರ್ ಆರಲಿಲ್ಲ. ಆದರೆ ಅದು ಕೆಲಸ ಮಾಡುತ್ತಿರುವ ಸದ್ದೂ ಬರಲಿಲ್ಲ. ನಾನು ಮಗುವಿನ ಔಷಧಿಯ ಚಮಚ ತೊಳೆಯುತ್ತ ಕೋಣೆಯೊಳಗೆ ಇಣುಕಿದೆ. ಪರದೆಯ ಮೇಲೆ ಗ್ರಂಥಾಲಯದ ಅಂಗಳವಿತ್ತು. ಹಿಂದಿನ ದಿನ ಅಲ್ಲೊಂದು ತುಂಬಿದ ಮರವನ್ನು ನೋಡಿದ್ದೆ, ಗಾಳಿಗೆ ಎಲೆ ಅಲುಗುವ ಹಾಗಿತ್ತು. ಈಗ ಅದರ ಜಾಗದಲ್ಲಿ ಬೋಳು ಕಾಂಡವೊಂದಿತ್ತು. ಒಳಗಿನ ಕುರ್ಚಿಗಳಿಗೆ ನೆರಳಿರಲಿಲ್ಲ. ನೆಲದಿಂದ ಒಂದು ಬೆರಳು ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದವು.

"ಎಲೆ ಎಲ್ಲಿ ಹೋಯ್ತೇ?" ಎಂದೆ.

ಅವಳು ಬಾಗಿಲ ಕಡೆ ನೋಡಿ, ನಮ್ಮವರು ಹೊರಗಿದ್ದಾರೆಂದು ಖಾತ್ರಿ ಮಾಡಿಕೊಂಡಳು. "ಭಾರ ಇಳಿಸ್ತಿದ್ದೀನಿ ಅತ್ತೆ. ಕಾರ್ಡಿಗೆ ಅರ್ಧ ಶಕ್ತಿ ಮಾತ್ರ ಬಳಸ್ಕೋ ಅಂತ ಹೇಳಿಟ್ಟಿದ್ದೀನಿ. ಹಾಗೆ ಓಡಿಸಿದ್ರೆ ಎಲ್ಲಾ ಮುಗಿಯೋದು ಸೋಮವಾರ ಸಂಜೆ ಆಗುತ್ತೆ. ಸಮಿತಿ ಸೇರೋದು ಬೆಳಿಗ್ಗೆ. ಅದಕ್ಕೆ ಎಲೆ, ನೆರಳು ಎಲ್ಲಾ ತೆಗೀತಿದ್ದೀನಿ. ಆಗ ಬೇಗ ಆಗುತ್ತೆ."

"ಏಳುನೂರ ಐವತ್ತು ಸಾಕಾಗಲ್ವಾ?"

"ಅದು ಏಳುನೂರ ಐವತ್ತಲ್ಲ ಅತ್ತೆ." ದನಿ ಇನ್ನಷ್ಟು ತಗ್ಗಿತು. "ಕಾರ್ಡಿಗೆ ಹೋಗೋದು ಹನ್ನೆರಡು ವೋಲ್ಟಿನ ಲೈನು. ಅದರಲ್ಲಿ ಇಪ್ಪತ್ತೈದು ಆಂಪ್ ಅಂತ ಚೀಟೀಲೇ ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಗುಣಿಸಿದ್ರೆ ಮುನ್ನೂರು. ನಮ್ಮ ಹಳೇದೇ ಇದಕ್ಕಿಂತ ಗಟ್ಟಿ."

"ಮತ್ತೆ ಹಳೇದನ್ನೇ ಹಾಕ್ಕೋಬಾರದಾ? ಅಥವಾ ಇದನ್ನ ಬದಲಾಯಿಸಿ ಅಂತ ಹೇಳಬಾರದಾ?"

"ಹೇಗೆ ಹೇಳಲಿ? ನಿಂತ್ಕೊಂಡು ಬಂದಿದ್ದಾರೆ ಬಸ್ಸಲ್ಲಿ. ಅವರ ಮುಖ ನೋಡಿದ್ರಲ್ಲ ನೀವು." ಅವಳು ಇನ್ನೊಂದು ಮರವನ್ನು ಆರಿಸಿ ಎಲೆ ಉದುರಿಸಿದಳು. "ಹೇಳಬೇಡಿ ಅತ್ತೆ, ಪ್ಲೀಸ್. ಹೇಗೋ ಸಂಭಾಳಿಸ್ತೀನಿ."

ಅಷ್ಟರಲ್ಲಿ ನಮ್ಮವರೇ ಒಳಗೆ ಬಂದರು. ಬಗ್ಗಿ ಡಬ್ಬದ ಹಿಂದೆ ಅಂಗೈ ಹಿಡಿದರು, ಮಗುವಿನ ಜ್ವರ ನೋಡುವವರಂತೆ. ಹುಬ್ಬು ಕೂಡಿತು.

"ಯಾಕಮ್ಮ, ಲೋಡ್ ಹಾಕಿಲ್ವಾ? ಗಾಳಿ ತಣ್ಣಗಿದೆಯಲ್ಲ."

"ಈಗ ಸಣ್ಣ ಕೆಲಸ ಮಾವ. ದೊಡ್ಡದು ಆಮೇಲೆ."

"ಆಮೇಲೆ ನೋಡು ಹೇಗೆ ಎಳೆಯುತ್ತೆ," ಎಂದು ಡಬ್ಬದ ನೆತ್ತಿಯ ಮೇಲೆ ಒಮ್ಮೆ ತಟ್ಟಿ ಹೊರಗೆ ಹೋದರು. ಕಾಂಪೌಂಡಿನಾಚೆಯ ಟೈಲರಿಗೆ ತಮ್ಮ ಏಳುನೂರ ಐವತ್ತರ ಕಥೆ ಹೇಳುವುದು ನನಗೆ ಅಡುಗೆಮನೆಯವರೆಗೂ ಕೇಳಿಸಿತು. ದಿಂಬಿನ ಮಾತಿಗೆ ಟೈಲರ್ ಗೊಳ್ಳೆಂದು ನಕ್ಕ.

ನಾನು ಚಮಚವನ್ನು ಇನ್ನೊಮ್ಮೆ ತೊಳೆದೆ. ಸೊಸೆ ಬೇಡ ಎಂದಿದ್ದಾಳೆ. ಅವಳ ಮಾತು ಮೀರಿದರೆ ನಾಳೆ ನನ್ನೊಡನೆ ಇಷ್ಟು ಬಿಚ್ಚಿ ಮಾತಾಡಳು. ಮೀರದಿದ್ದರೆ ಸೋಮವಾರ ಆ ಆರ್ಕಿಟೆಕ್ಟ್ ಮೇಡಂ ಎಲೆಯಿಲ್ಲದ ಮರವನ್ನೂ ತೇಲುವ ಕುರ್ಚಿಗಳನ್ನೂ ನೋಡಿ ಹಳಬರನ್ನು ಹುಡುಕುತ್ತಾರೆ. ಇಷ್ಟು ವರ್ಷದ ಮೇಲೆ ಸಿಕ್ಕ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದೂ ಮುಖ ನೋಡಿ ಮಾತು ನುಂಗಿದ್ದರಿಂದ. ಟೈಲರ್ ಹೊಲಿಗೆಗೆ ಕೂತ ಸದ್ದು ಕೇಳಿದ ಮೇಲೆ ನಾನು ಹೊರಗೆ ಹೋದೆ.

"ರೀ, ಇಲ್ಲಿ ಬನ್ನಿ. ಒಂದು ಮಾತು ಹೇಳ್ತೀನಿ, ಎದ್ದು ಹೋಗಬಾರದು."

ಹೇಳಿದೆ. ಸುತ್ತಿಬಳಸದೆ ಹೇಳಿದೆ. ಅವರು ಎದ್ದು ಹೋಗಲಿಲ್ಲ. ಆದರೆ ಗೋಡೆಯ ಮೇಲಿಟ್ಟಿದ್ದ ಕೈಯನ್ನು ತೆಗೆದು ನೋಡಿಕೊಂಡರು, ಆ ಕೈ ತಮ್ಮದೇ ಹೌದೋ ಅಲ್ಲವೋ ಎಂಬಂತೆ.

"ಮುನ್ನೂರು ವ್ಯಾಟಾ?"

"ಹಾಗಂದಳು."

"ಅವಳಿಗೆ ಯಾವಾಗ ಗೊತ್ತಾಯ್ತು?"

"ನಿಮ್ಮ ಕೈಯಿಂದ ಇಸ್ಕೊಂಡಾಗಲೇ."

ಅವರು ಒಳಗೆ ನಡೆದರು. ನಾನು ಹಿಂದೆ ಓಡಿದೆ. ಕನ್ನಡಕ ಏರಿಸಿ, ಸೊಸೆಯ ಕುರ್ಚಿಯ ಪಕ್ಕ ನಿಂತರು.

"ಇದನ್ನ ಆಫ್ ಮಾಡಮ್ಮ. ಆ ಚೀಟಿ ನನಗೆ ತೋರಿಸು."

ಅವಳು ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ನೆಲ ನೋಡಿದೆ. ಅವಳು ಆಫ್ ಮಾಡಿ, ವೈರು ಕಿತ್ತು, ತಿರುಪು ಬಿಚ್ಚಿ, ಡಬ್ಬವನ್ನು ಈಚೆ ತೆಗೆದಳು. ನಮ್ಮವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಸಣ್ಣಕ್ಷರದ ಸಾಲಿನ ಮೇಲೆ ಬೆರಳು ಸರಿಯಿತು, ನಿಂತಿತು.

"ಹನ್ನೆರಡು, ಇಪ್ಪತ್ತೈದು. ಮುನ್ನೂರು. ಸರಿ." ಕನ್ನಡಕ ತೆಗೆದರು. "ಇದು ಹೋಗ್ಲಿ. ಅಂಗಡಿಯವನಿಗೂ ಗೊತ್ತಿರಲಿಕ್ಕಿಲ್ಲ, ಅವನು ತಂತಿ ಮಾರೋನು. ನೀನು ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಕಷ್ಟಪಟ್ಟು..."

"ಕಷ್ಟ ನನ್ನ ಕಾಲಿಗೆ ಆಗಿದ್ದು, ಅದು ನಿನ್ನೇನೇ ಮುಗೀತು. ನಿನ್ನ ಕೆಲಸ ಹೋದ್ರೆ ಅದು ಮುಗಿಯುತ್ತಾ? ನಾನೇನು ಗಾಜಿನ ಲೋಟಾನಾ, ಒಂದು ಮಾತು ತಾಗಿದ್ರೆ ಒಡೆದುಹೋಗೋಕೆ?"

ಅವಳ ಕಣ್ಣು ತುಂಬಿತು. "ನಮ್ಮ ಮನೇಲಿ ಅಪ್ಪಂಗೆ ತಪ್ಪು ಅಂತ ಹೇಳೋ ಹಾಗಿರಲಿಲ್ಲ ಮಾವ. ಒಂದು ಸಲ ದಾರಿ ತಪ್ಪಿದ್ದೀವಿ ಅಂತ ಹೇಳಿದ್ದಕ್ಕೆ ವಾರಗಟ್ಟಲೆ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ನಾನು ಹೇಳೋದನ್ನೇ ಬಿಟ್ಟೆ. ತಪ್ಪು ದಾರೀಲೇ ಹೋಗ್ತಿದ್ವಿ."

ನಮ್ಮವರಿಗೆ ಅಳುವವರ ಮುಂದೆ ಏನು ಮಾಡಬೇಕೆಂದು ಎಂದೂ ತಿಳಿದಿಲ್ಲ. ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ನಾನೂ ಎದ್ದು ಹೋಗ್ತೀನಿ, ಅದು ನಿಜ," ಎಂದರು. "ಆದ್ರೆ ತಿರುಗಿ ಬರ್ತೀನಲ್ಲ. ಇವಳನ್ನ ಕೇಳು."

"ಬರ್ತಾರೆ," ಎಂದೆ ನಾನು. "ಹಸಿವಾದಾಗ."

ಅವಳು ಅಳುತ್ತಲೇ ನಕ್ಕಳು. ನನ್ನ ಮೇಲಿನ ಅವಳ ಸಿಟ್ಟೂ ಆ ನಗುವಿನಲ್ಲಿ ಒಂದಿಷ್ಟು ಕರಗಿರಬೇಕು.

"ಮುಖ ತೊಳ್ಕೊಂಡು ಬಾ. ದಿಂಬಿನ ಅಂಗಡಿಗೆ ಹೋಗೋಣ," ಎಂದರು ಅವರು.

ಮಗ ಅಂಗಡಿಯಿಂದ ಬೇಗ ಬಂದು ಮಗುವನ್ನು ನೋಡಿಕೊಂಡ. ಮಗುವಿಗೆ ಜ್ವರ ಬಿಟ್ಟಿತ್ತು. ನಾವು ಮೂವರೂ ಹೋದೆವು. ಕಂಪ್ಯೂಟರ್ ಅಂಗಡಿ ಒಂದು ಉದ್ದನೆಯ ಕಿರಿದಾದ ಕೋಣೆ, ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಮೇಜಿನ ಹಿಂದಿದ್ದಾಕೆ ನಮ್ಮವರನ್ನು ಕಂಡದ್ದೇ ಗುರುತು ಹಿಡಿದಳು.

"ಬಂದ್ರಾ ಯಜಮಾನ್ರೇ? ದಿಂಬು ಬೇಡ ಅಂದಿದ್ರಿ."

"ನಿದ್ದೆ ಬರಲಿಲ್ಲಮ್ಮ, ಅದಕ್ಕೆ ಬಂದೆ."

ಆಕೆ ನಕ್ಕು, ಮೊದಲು ನನಗೊಂದು ಸ್ಟೂಲು ಎಳೆದುಕೊಟ್ಟಳು. ಸ್ಟೂಲಿನ ಒಂದು ಕಾಲು ಅಲುಗುತ್ತಿತ್ತು. ಅದರ ಕೆಳಗೆ ರಟ್ಟಿನ ಚೂರನ್ನು ಮಡಿಸಿ ತುರುಕಿ, ಒಮ್ಮೆ ಒತ್ತಿ ನೋಡಿ, ಆಮೇಲೆಯೇ ವ್ಯಾಪಾರಕ್ಕೆ ನಿಂತಳು.

"ಕಾರ್ಡ್ ಯಾವುದು? ಎಷ್ಟು ಎಳೆಯುತ್ತೆ?"

"ಇನ್ನೂರ ಐವತ್ತು," ಎಂದಳು ಸೊಸೆ. "ಪ್ರೊಸೆಸರ್ ಜಾಸ್ತಿ ಅಂದ್ರೆ ನೂರ ಇಪ್ಪತ್ತೈದು. ಡಿಸ್ಕು, ಫ್ಯಾನು ಎಲ್ಲಾ ಸೇರಿ ಒಂದೈವತ್ತು."

"ಅಂದ್ರೆ ನಾನೂರ ಇಪ್ಪತ್ತೈದರ ಹತ್ತಿರ. ಕಾರ್ಡ್ ಆಗಾಗ ಜಿಗಿಯುತ್ತಲ್ಲ, ಅದಕ್ಕೆ ಜಾಗ ಬಿಡಬೇಕು. ಆರುನೂರ ಐವತ್ತು ಆಗುತ್ತೆ, ಏಳುನೂರ ಐವತ್ತಾದ್ರೆ ನಿಶ್ಚಿಂತೆ. ಒಳಗೆ ಜಾಗ ಎಷ್ಟಿದೆ, ಅಳತೆ ತಂದಿದ್ದೀರಾ?"

ಸೊಸೆ ಫೋನಿನಲ್ಲಿ ಅಳತೆ ತೋರಿಸಿದಳು. ಆಕೆ ಎರಡು ಡಬ್ಬ ತೆಗೆದು ಮೇಜಿನ ಮೇಲಿಟ್ಟಳು. ನಮ್ಮವರ ಕೈಗಳು ತಾವಾಗಿಯೇ ಮುಂದೆ ಹೋದವು. ನಡುದಾರಿಯಲ್ಲಿ ನಿಂತವು.

"ಎತ್ತಿ ನೋಡಿ, ಪರವಾಗಿಲ್ಲ," ಎಂದಳು ಅಂಗಡಿಯಾಕೆ.

"ಎತ್ತೋದಿಲ್ಲ. ನೀನು ಹೇಳು. ಏಳುನೂರ ಐವತ್ತು ವ್ಯಾಟಿಗೆ ಇಷ್ಟೇ ತಾಮ್ರ ಹೇಗೆ ಸಾಕಾಗುತ್ತೆ?"

"ನಿಮ್ಮ ಮೋಟರಿಗೆ ಗೋಡೆಯಿಂದ ಬರೋ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತಲ್ವಾ? ಇದರೊಳಗೆ ಅದನ್ನೇ ಕತ್ತರಿಸಿ ಕತ್ತರಿಸಿ ಸಾವಿರಾರು ಸಲ ಆಡಿಸ್ತಾರೆ. ವೇಗ ಹೆಚ್ಚಾದಷ್ಟೂ ಸುರುಳಿ ಸಣ್ಣದಾಗುತ್ತೆ."

ನಮ್ಮವರು ಕಣ್ಣು ಮುಚ್ಚಿ ನಿಂತರು. ಸೊಸೆ ಗಾಬರಿಯಿಂದ ನನ್ನನ್ನು ನೋಡಿದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವರು ತಲೆಯೊಳಗೆ ಸುತ್ತು ಎಣಿಸುತ್ತಿದ್ದರು.

"ಹೌದು," ಎಂದರು ಕೊನೆಗೆ, ಕಣ್ಣು ತೆರೆದು. "ಸಣ್ಣದಾಗಬೇಕು. ಹಾಗಾದ್ರೆ ಇದರಲ್ಲಿ ತೂಕ ನೋಡೋದು ತಪ್ಪು." ಆ ಮಾತನ್ನು ಅವರು ಯಾರ ಮೇಲೂ ಹೊರಿಸದೆ, ಒಂದು ಕೆಲಸದ ವಿಷಯದಂತೆ ಹೇಳಿದರು. ಆಮೇಲೆ ಚೀಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. "ಹನ್ನೆರಡು ವೋಲ್ಟಿಗೆ ಅರವತ್ತೆರಡು ಆಂಪ್. ಏಳುನೂರ ನಲವತ್ತನಾಲ್ಕು. ಇವನು ನಿಜ ಹೇಳ್ತಾನೆ. ಗ್ಯಾರಂಟಿ?"

"ಹತ್ತು ವರ್ಷ."

"ನನಗೇ ಅಷ್ಟು ಗ್ಯಾರಂಟಿ ಇಲ್ಲ. ಕೊಡು."

ನನಗೊಂದು ಅನುಮಾನ ಕೊರೆಯುತ್ತಿತ್ತು. "ದೊಡ್ಡದು ತಗೊಂಡ್ರೆ ಕರೆಂಟ್ ಬಿಲ್ಲೂ ದೊಡ್ಡದಾಗಲ್ವಾ?"

"ಮನೆ ಮೇಲೆ ದೊಡ್ಡ ಟ್ಯಾಂಕ್ ಇದೆ ಅಂತ ನೀನು ಎರಡೆರಡು ಸಲ ಸ್ನಾನ ಮಾಡ್ತೀಯಾ?" ಎಂದರು ನಮ್ಮವರು. "ಕಾರ್ಡ್ ಎಷ್ಟು ಕೇಳುತ್ತೋ ಅಷ್ಟೇ ಹೋಗೋದು ಕಣೇ."

ಅಂಗಡಿಯಾಕೆ ಡಬ್ಬ ಕೊಡುವಾಗ ಸೊಸೆಗೆ ಹೇಳಿದಳು: "ನಿಮ್ಮ ಕಾರ್ಡಲ್ಲಿ ಎರಡು ಸಾಕೆಟ್ ಇದೆಯಲ್ಲ, ಎರಡಕ್ಕೂ ಬೇರೆ ಬೇರೆ ಕೇಬಲ್ ಹಾಕಿ. ಒಂದೇ ಕೇಬಲಿನ ಎರಡು ಬಾಲ ಹಾಕಬೇಡಿ, ಅದು ಬಿಸಿಯಾಗುತ್ತೆ."

ಮನೆಗೆ ಬಂದ ಕೂಡಲೇ ಮಾವ ಸೊಸೆ ಇಬ್ಬರೂ ನೆಲದ ಮೇಲೆ ಕೂತರು. ಹಳೆಯ ನಾನೂರ ಐವತ್ತರದ್ದು ಬಿಚ್ಚಿ ತೆಗೆಯಬಹುದಾದ ಕೇಬಲುಗಳ ಡಬ್ಬ. ಅದರ ಕೇಬಲುಗಳೆಲ್ಲ ಚಾಪೆಯ ಮೇಲೆ ಬಿದ್ದಿದ್ದವು. ಹೊಸದರವೂ ಹಾಗೇ ಬಿಚ್ಚಿ ಹಾಕುವಂಥವು, ಆದರೆ ಬಿರುಸು, ಬಗ್ಗುತ್ತಿರಲಿಲ್ಲ. ಡಿಸ್ಕು ಇರುವ ಮೂಲೆಗೆ ಹೊಸ ಕೇಬಲ್ ಎಟುಕಿಸಲು ಅವಳು ಹೆಣಗಾಡುತ್ತಿದ್ದಳು. ನಮ್ಮವರು ರಾಶಿಯಿಂದ ಹಳೆಯದೊಂದನ್ನು ಆರಿಸಿದರು. ಉದ್ದವಾಗಿತ್ತು, ಮೆತ್ತಗಿತ್ತು. ಹೊಸ ಡಬ್ಬದ ತೂತಿಗೆ ಅದರ ತುದಿ ಹೇಳಿ ಮಾಡಿಸಿದಂತೆ ಕೂತಿತು. ಇನ್ನೊಂದು ತುದಿಯನ್ನು ಡಿಸ್ಕಿನತ್ತ ಒಯ್ದರು.

"ಮಾವ! ಬೇಡ! ಮುಟ್ಟಬೇಡಿ ಅದನ್ನ!"

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮಗು ಆಟ ಬಿಟ್ಟು ನೋಡಿತು. ನನ್ನ ಮಗ ಬಾಗಿಲಿಗೆ ಬಂದ. ಅವಳ ಕೈ ಅವರ ಮಣಿಕಟ್ಟನ್ನು ಹಿಡಿದಿತ್ತು.

"ತುದಿ ಕೂರುತ್ತೆ, ಆದ್ರೆ ಒಳಗೆ ವೈರ್ ಜೋಡಿಸಿರೋದು ಬೇರೆ ಥರ. ಒಂದೊಂದು ಕಂಪನಿ ಒಂದೊಂದು ಥರ ಮಾಡುತ್ತೆ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋಗುತ್ತೆ. ಆನ್ ಮಾಡಿದ ಗಳಿಗೇಲಿ ಡಿಸ್ಕ್ ಸುಟ್ಟುಹೋಗುತ್ತೆ. ಗ್ರಂಥಾಲಯ ಪೂರ್ತಿ ಅದರಲ್ಲೇ ಇದೆ!"

ಉಸಿರು ಬಿಟ್ಟಳು. ತಾನು ಯಾರ ಕೈ ಹಿಡಿದಿದ್ದೇನೆ, ಹೇಗೆ ಕೂಗಿದೆ ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಮುಖ ಬಿಳಿಚಿತು. ಎಲ್ಲರೂ ನಮ್ಮವರನ್ನು ನೋಡಿದೆವು.

ಅವರು ಕೇಬಲನ್ನು ಹೊಸ ಡಬ್ಬದಿಂದ ಮೆಲ್ಲಗೆ ಕಿತ್ತರು. ಹಳೆಯ ಕೇಬಲುಗಳನ್ನೆಲ್ಲ ಬಾಚಿ ಒಂದು ಚೀಲಕ್ಕೆ ತುಂಬಿ, ಮಗನ ಕೈಗೆ ಕೊಟ್ಟರು.

"ಇದನ್ನ ಕಣ್ಣಿಗೆ ಕಾಣದ ಕಡೆ ಇಡು," ಎಂದರು. ಆಮೇಲೆ ಅವಳ ಕಡೆ ತಿರುಗಿ, "ಹೀಗೆ ಹೇಳ್ಬೇಕು. ನಿನ್ನೇನೇ ಹೀಗೆ ಕೂಗಿದ್ರೆ ಒಂದು ದಿನ ಉಳೀತಿತ್ತು. ಈಗ ಆ ಬಿರುಸು ವೈರ್ ಕೊಡು, ನಾನು ಬಗ್ಗಿಸ್ತೀನಿ. ತಂತಿ ಬಗ್ಗಿಸೋದಾದ್ರೂ ನನಗೆ ಬರುತ್ತೋ ಇಲ್ವೋ?"

"ಬರುತ್ತೆ ಮಾವ."

"ನಿಜವಾಗ್ಲೂ? ಮುಖ ನೋಡಿ ಹೇಳ್ತಿಲ್ಲ ತಾನೆ?"

"ಅಪ್ಪ, ಸಾಕು," ಎಂದ ಮಗ. "ಅವಳು ಮತ್ತೆ ಕೂಗಿದ್ರೆ ಟೈಲರ್ ಓಡಿ ಬರ್ತಾನೆ."

ಬಿರುಸಾದ ಕೇಬಲನ್ನು ಅವರು ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತೀಡುತ್ತ ಬಾಗಿಸಿದರು. ಡಿಸ್ಕಿನ ಮೂಲೆಗೆ ಅದು ತಾನಾಗಿ ಹೋಗಿ ಕೂತಿತು. ಕಾರ್ಡಿಗೆ ಎರಡು ಬೇರೆ ಕೇಬಲು. ಸೊಸೆ ಎಲ್ಲವನ್ನೂ ಒಮ್ಮೆ ಎಳೆದು ನೋಡಿ, ಆನ್ ಮಾಡಿದಳು. ಕಳೆದುಹೋಗಿದ್ದ ಎಲೆಗಳನ್ನೆಲ್ಲ ಮರಕ್ಕೆ ವಾಪಸು ಹಾಕಿದಳು. ಕುರ್ಚಿಗಳಿಗೆ ನೆರಳು ಬಂತು, ಅವು ನೆಲಕ್ಕೆ ಇಳಿದವು. ಕಾರ್ಡಿಗೆ ಕಟ್ಟಿದ್ದ ಅರ್ಧ ಶಕ್ತಿಯ ಕಟ್ಟು ಬಿಚ್ಚಿ, ಶುರು ಎಂದು ಒತ್ತಿದಳು.

ಮೂರು ಫ್ಯಾನುಗಳೂ ಒಟ್ಟಿಗೆ ಎದ್ದವು. ನಾವು ನಾಲ್ವರೂ ಉಸಿರು ಹಿಡಿದು ನಿಂತೆವು. ಆರಲಿಲ್ಲ. ಪರದೆಯ ಮೇಲೆ ಗ್ರಂಥಾಲಯದ ಗೇಟು ಚೂರುಚೂರಾಗಿ ಮೂಡಿತು. ನಮ್ಮವರು ಬಗ್ಗಿ ಹಿಂದೆ ಅಂಗೈ ಹಿಡಿದರು.

"ಈಗ ಬಿಸಿಯಾಗಿದೆ," ಎಂದರು. ಅಷ್ಟೇ ಹೇಳಿದರು.

ಶನಿವಾರವಿಡೀ ಅದು ಓಡಿತು. ನಾನು ಆ ದಿನ ಇಸ್ತ್ರಿ ಮಾಡಲಿಲ್ಲ. ಏನೂ ಆಗುವುದಿಲ್ಲವೆಂದು ಸೊಸೆ ಎಷ್ಟು ಹೇಳಿದರೂ ಧೈರ್ಯ ಬರಲಿಲ್ಲ. ಎಲ್ಲರೂ ಮುದುಡಿದ ಬಟ್ಟೆಯಲ್ಲೇ ಓಡಾಡಿದರು. ಭಾನುವಾರ ಮಧ್ಯಾಹ್ನ ಚಿತ್ರ ಮುಗಿಯಿತು. ಅವಳು ನಮ್ಮನ್ನೆಲ್ಲ ಕೂರಿಸಿ ಒಮ್ಮೆ ತೋರಿಸಿದಳು. ಇನ್ನೂ ಒಂದು ಇಟ್ಟಿಗೆಯೂ ಇಡದ ಕಟ್ಟಡದೊಳಗೆ ನಾವು ನಡೆದುಹೋದೆವು. ಓದುವ ಕೋಣೆಯ ಕಿಟಕಿಯಲ್ಲಿ ಎಲೆಗಳ ನೆರಳು ಅಲುಗುತ್ತಿತ್ತು. ತೋರಿಸಿದ ಮೇಲೆ ಕಳಿಸಿದಳು.

ಅವಳು ಕಳಿಸುತ್ತಿದ್ದಾಗ ನಮ್ಮವರು ಹಿತ್ತಲಿನಲ್ಲಿ ಆ ಭಾರದ ಡಬ್ಬವನ್ನು ಬಿಚ್ಚುತ್ತಿದ್ದರು. ಇಂಥದ್ದರೊಳಗೆ ಕರೆಂಟು ಉಳಿದಿರುತ್ತದೆ, ಬೇರೆ ಯಾರೂ ಬಿಚ್ಚಕೂಡದು ಎಂದು ನಮ್ಮನ್ನೆಲ್ಲ ದೂರ ನಿಲ್ಲಿಸಿದ್ದರು. ತಾವೂ ಅದಕ್ಕೆಂದೇ ಎರಡು ದಿನ ಕಾದಿದ್ದರು. ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಣಿಯತೊಡಗಿತು.

"ನೋಡ್ರೋ, ಬನ್ರೋ!"

ಒಳಗೆ ನಾಲ್ಕಾರು ಬಡಕಲು ಸುರುಳಿಗಳು. ಒಂದು ಮೂಲೆಯಲ್ಲಿ, ತಗಡಿಗೆ ಅಂಟಿಸಿದ ಸಿಮೆಂಟಿನ ಹೆಂಟೆ. ಬರೀ ಭಾರಕ್ಕೆಂದು ಇಟ್ಟದ್ದು.

"ನನ್ನಂಥೋರು ಇದ್ದಾರೆ ಅಂತ ಅವನಿಗೆ ಗೊತ್ತಿತ್ತು ಕಣೇ," ಎಂದರು ಕಣ್ಣೊರೆಸಿಕೊಳ್ಳುತ್ತ. "ಎತ್ತಿ ನೋಡೋರು ಅಂತಲೇ ಮಾಡಿದ್ದಾನೆ. ನನ್ನನ್ನ ಅಳತೆ ತಗೊಂಡು ಹೊಲಿದ ಅಂಗಿ ಇದು!"

ಸೋಮವಾರ ಬೆಳಿಗ್ಗೆ ಯಾರೂ ಮನೆಯಲ್ಲಿ ಗಟ್ಟಿಯಾಗಿ ಮಾತಾಡಲಿಲ್ಲ. ಮಗ ಕೆಲಸಕ್ಕೆ ತಡವಾಗಿ ಹೋಗುತ್ತೇನೆಂದು ಕೂತಿದ್ದ. ಫೋನು ಬಂದಾಗ ಸೊಸೆ ಅದನ್ನೆತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. "ಹೂಂ... ಹೌದು ಮೇಡಂ... ಆಗುತ್ತೆ... ಗುರುವಾರದೊಳಗೆ," ಇಷ್ಟೇ ಕೇಳಿಸಿತು.

"ಏನಂತೆ?" ಎಂದರು ನಮ್ಮವರು.

"ಬಾಗಿಲ ಹತ್ತಿರ ಬರೀ ಮೆಟ್ಟಿಲಿದೆಯಂತೆ. ಗಾಲಿಕುರ್ಚಿಯವರು, ವಯಸ್ಸಾದವರು ಹೇಗೆ ಹತ್ತೋದು ಅಂತ ಸಮಿತೀಲಿ ಕೇಳಿದ್ರಂತೆ. ಪಕ್ಕದಲ್ಲಿ ಇಳಿಜಾರು ಸೇರಿಸಿ ಮತ್ತೆ ಮಾಡಿಕೊಡಬೇಕಂತೆ."

ನಮ್ಮವರ ಮುಖ ಇಳಿಯಿತು. "ಅಂದ್ರೆ ಇಷ್ಟ ಆಗಲಿಲ್ವಾ?"

"ಇಷ್ಟ ಆಗದಿದ್ರೆ ಬದಲಾಯಿಸಿ ಅನ್ನಲ್ಲ ಮಾವ. ಬೇಡ ಅಂತಾರೆ." ಅವಳ ಮುಖ ಬೆಳಗುತ್ತಿತ್ತು. "ಇದಾದ ಮೇಲೆ ಒಂದು ಶಾಲೆ ಇದೆಯಂತೆ. ಅದರ ನಕ್ಷೇನೂ ಕಳಿಸ್ತಾರಂತೆ."

ಮಗ ಎದ್ದು ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, ಬೆಲ್ಟು ಕಟ್ಟಿಕೊಳ್ಳುತ್ತ ಕೆಲಸಕ್ಕೆ ಓಡಿದ. ನಮ್ಮವರು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು.

"ಇಳಿಜಾರು ಇಷ್ಟು ಕಡಿದಾಗಿದ್ರೆ ಸಾಕು. ಮೆಟ್ಟಿಲ ಪಕ್ಕದಲ್ಲೇ, ನೋಡು, ಹೀಗೆ."

ಅವಳು ಬಗ್ಗಿ ನೋಡಿದಳು.

"ತಪ್ಪು ಮಾವ," ಎಂದಳು. "ಅಷ್ಟು ಕಡಿದಾದ್ರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತೆ." ಪಕ್ಕದ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದು, "ಇಲ್ಲಿ ಕೂತ್ಕೊಳ್ಳಿ, ತೋರಿಸ್ತೀನಿ," ಎಂದಳು.